ಮಿತ್ರಾಳ ಕತೆ, ಬಾಪು ಹೇಳಿದಂತೆ

ಹುಡುಗಿಯೊಬ್ಬಳು ಇನ್ನೊಬ್ಬ ಹುಡುಗಿಗೆ ಮನಸೋಲುವ ಕೊರಿಯನ್ ಕಾಮಿಕ್ಸನ್ನು ಇಂದಿನ ಪುಣೆಯ ವಿದ್ಯಾರ್ಥಿನಿ ಮೊಬೈಲಿನಲ್ಲೇ ಓದಬಹುದು. ಅದೇ ಊರಿನ ಕಾಲೇಜು ಹುಡುಗಿಯ ಇಂಥದೇ ಪ್ರೇಮ 1981ರಲ್ಲಿ ಮರಾಠಿ ರಂಗಕ್ಕೆ ಬಂತು. ನಾಟಕ ವಿಜಯ ತೆಂಡೂಲ್ಕರರ ‘ಮಿತ್ರಾಚಿ ಗೋಷ್ಟ’, ನಿರ್ದೇಶನ ವಿನಯ್ ಆಪ್ಟೆಯವರದು.

ಕತೆ ನಡೆಯುವುದು ಸ್ವಾತಂತ್ರ್ಯಕ್ಕೆ ಮುಂಚಿನ ಪುಣೆಯಲ್ಲಿ. ನಾಯಕಿ ಸುಮಿತ್ರಾ, ಎಲ್ಲರ ಬಾಯಲ್ಲಿ ಮಿತ್ರಾ. ತನ್ನ ಒಲವು ಗಂಡಸರ ಕಡೆಗಿಲ್ಲವೆಂದು ಅರಿವಾದಾಗ ಸಾಯಲು ಹೊರಟು ಬದುಕಿಕೊಂಡವಳು. ಕಾಲೇಜು ನಾಟಕದಲ್ಲಿ ಗಂಡುಪಾತ್ರ ಮಾಡುತ್ತ, ನಾಯಕಿಯಾದ ನಮಾಳನ್ನು ನಿಜಕ್ಕೂ ಪ್ರೀತಿಸತೊಡಗುತ್ತಾಳೆ. ಗಂಡಸರು ಸೀರೆಯುಟ್ಟು ಮೆರೆದ ರಂಗಭೂಮಿ ಅದು. ಬಾಲಗಂಧರ್ವರ ಹೆಸರಿನ ರಂಗಮಂದಿರವೇ ಪುಣೆಯಲ್ಲಿದೆ. ವೇಷ ಯಾರಿಗೂ ತೊಡಕಾಗಲಿಲ್ಲ. ಬಣ್ಣ ಕಳಚಿದ ಮೇಲೂ ಪ್ರೀತಿ ಉಳಿದದ್ದು ತೊಡಕಾಯಿತು.

ನಾಟಕದ ಹೆಸರನ್ನು ಮರಾಠಿಯಲ್ಲಿ ‘ಮಿತ್ರಾಳ ಕತೆ’ ಎಂದೂ ‘ಮಿತ್ರನ ಕತೆ’ ಎಂದೂ ಓದಬಹುದು. ಎರಡನೆಯ ಅರ್ಥವೂ ಸಲ್ಲುತ್ತದೆ. ಏಕೆಂದರೆ ಕತೆ ಹೇಳುವವನು ಬಾಪು, ಅವಳನ್ನು ಒಳಗೊಳಗೇ ಮೆಚ್ಚಿಕೊಂಡ ಅಂಜುಬುರುಕ ಸಹಪಾಠಿ. ಅವರಿಬ್ಬರ ಭೇಟಿಗೆ ತನ್ನ ಕೋಣೆಯನ್ನೇ ಬಿಟ್ಟುಕೊಡುತ್ತಾನೆ. ನಮಾಳ ಮೇಲೆ ಹಕ್ಕು ಸಾಧಿಸುವ ಮನ್ಯಾ ದಳವಿಗೆ ಹೆದರುತ್ತಾನೆ. ಕಡೆಗೆ ಅವನೂ ದೂರ ಸರಿಯುತ್ತಾನೆ, ಅದೇ ಹೆಚ್ಚು ನೋಯಿಸುವುದು. ನಮಾ ಕೈಬಿಡುತ್ತಾಳೆ. ಮಿತ್ರಾ ಎರಡನೆಯ ಸಲ ಬದುಕಿ ಉಳಿಯುವುದಿಲ್ಲ. ಅವಳ ಬಗ್ಗೆ ಹೇಳಲು ಉಳಿಯುವವನು ಬಾಪು.

ಮಿತ್ರಾಳ ಪಾತ್ರ ಮಾಡಿದವರು ಪುಣೆಯಲ್ಲೇ ಹುಟ್ಟಿದ ರೋಹಿಣಿ ಹಟ್ಟಂಗಡಿ. ಜಗತ್ತು ಅವರನ್ನು ಗುರುತಿಸಿದ್ದು ಮಾತ್ರ ಮರುವರ್ಷ, ಅಟೆನ್‌ಬರೋ ಅವರ ‘ಗಾಂಧಿ’ ಚಿತ್ರದ ಕಸ್ತೂರ್‌ಬಾ ಆಗಿ.