ಪಿಂಚಣಿದಾರರ ಕನ್ನಂಬಾಡಿ

1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದಾಗ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರರು ಆಗಲೇ ಒಂದು ಸರ್ಕಾರದಿಂದ ನಿವೃತ್ತರಾಗಿದ್ದವರು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಹೇಳಿದೊಡನೆ ಕನ್ನಡಿಗರಿಗೆ ನೆನಪಾಗುವ ಬಹುಪಾಲು ಕೆಲಸಗಳು ಅವರು ಪಿಂಚಣಿದಾರರಾದ ಮೇಲಿನವು.

1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದ್ದ ಅವರು ಖಡಕ್‌ವಾಸ್ಲಾ ಜಲಾಶಯಕ್ಕೆ ತಾವಾಗಿಯೇ ತೆರೆದುಕೊಳ್ಳುವ ಬಾಗಿಲುಗಳನ್ನು ರೂಪಿಸಿ ಹೆಸರು ಮಾಡಿದ್ದರು. ಆದರೆ ಅಲ್ಲಿ ಇಲಾಖೆಯ ತುದಿಯ ಹುದ್ದೆ ಭಾರತೀಯನಿಗೆ ಸಿಗುವಂತಿರಲಿಲ್ಲ. 1908ರಲ್ಲಿ ಹೊರಬಂದರು. ಪಿಂಚಣಿಗೆ ಬೇಕಾದ 25 ವರ್ಷದ ಸೇವೆ ತುಂಬಿರಲಿಲ್ಲ. ಆದರೂ ಸರ್ಕಾರ ಪಿಂಚಣಿ ಮಂಜೂರು ಮಾಡಿತು. ಅವರ ಕೆಲಸಕ್ಕೆ ಸಂದ ಗೌರವ ಅದು.

ಅದೇ ವರ್ಷ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತರು. ವಿದೇಶ ಪ್ರವಾಸದಲ್ಲಿದ್ದ ನಿವೃತ್ತ ಎಂಜಿನಿಯರರಿಗೆ ನಿಜಾಮ್ ಸರ್ಕಾರದ ಕರೆ ಬಂತು. ಪ್ರವಾಹ ತಡೆಯಲು ಮೇಲ್ಭಾಗದಲ್ಲೇ ನೀರು ಹಿಡಿದಿಡಬೇಕೆಂದು ಅವರು ಸೂಚಿಸಿದರು. ಇಂದಿನ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳ ಬೇರು ಅಲ್ಲಿದೆ.

ಮೈಸೂರಿನ ಆಹ್ವಾನ ಬಂದಾಗ ಅವರು ಕೂಡಲೇ ಹೂಂ ಅನ್ನಲಿಲ್ಲ. ದೊಡ್ಡ ಕೆಲಸಗಳಿಗೆ ಅಲ್ಲಿ ಅವಕಾಶ ಇದೆಯೇ ಎಂದು ವಿಚಾರಿಸಿ, ಭರವಸೆ ಸಿಕ್ಕ ಮೇಲೆ 1909ರ ನವೆಂಬರಿನಲ್ಲಿ ಬಂದರು. ನಿವೃತ್ತರನ್ನು ಮತ್ತೆ ಕರೆಯುವ ಯಾವ ಸರ್ಕಾರವೂ, ಬರುವ ಯಾವ ನಿವೃತ್ತರೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಅದು. ಮೂರು ವರ್ಷದಲ್ಲಿ ದಿವಾನರಾದರು. 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ವಿಶ್ವವಿದ್ಯಾನಿಲಯ ಹುಟ್ಟಿದ್ದು ಈ ಕಾಲದಲ್ಲೇ.

ಎರಡನೆಯ ನಿರ್ಗಮನ ಸುಗಮವಾಗಿರಲಿಲ್ಲ. ಸರ್ಕಾರಿ ನೌಕರಿಗಳಲ್ಲಿ ಬ್ರಾಹ್ಮಣೇತರರಿಗೆ ವಿಶೇಷ ಅವಕಾಶ ಕೊಡುವ ವಿಚಾರದಲ್ಲಿ ಅವರಿಗೂ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಮತ ಕೂಡಲಿಲ್ಲ. ಈ ವಿಷಯದಲ್ಲಿ ಮಹಾರಾಜರ ದೃಷ್ಟಿಯೇ ಹೆಚ್ಚು ನ್ಯಾಯವಾದುದು. 1918ರ ಕೊನೆಗೆ ದಿವಾನರು ಅಧಿಕಾರ ಬಿಟ್ಟರು.

ಆದರೂ ಮುನಿಸು ಉಳಿಯಲಿಲ್ಲ. ಇದ್ದಿಲಿನಿಂದ ಕಬ್ಬಿಣ ಕರಗಿಸುವ ಭದ್ರಾವತಿ ಕಾರ್ಖಾನೆ 1923ರಲ್ಲಿ ಶುರುವಾಗುವ ಹೊತ್ತಿಗೆ ಯುದ್ಧಾನಂತರ ಕಬ್ಬಿಣದ ಬೆಲೆ ಕುಸಿದಿತ್ತು. ನಷ್ಟದ ಕಾರ್ಖಾನೆಯನ್ನು ಮಾಜಿ ದಿವಾನರೇ ಅಧ್ಯಕ್ಷರಾಗಿ ವಹಿಸಿಕೊಂಡು 1929ರವರೆಗೆ ನಡೆಸಿದರು. ಆ ಸೇವೆಗೆ ಸಲ್ಲಬೇಕಿದ್ದ ಸಂಭಾವನೆಯನ್ನೂ ಬೆಂಗಳೂರಿನಲ್ಲಿ ಕಸುಬು ಕಲಿಸುವ ಸಂಸ್ಥೆಗೆ ಕೊಟ್ಟರು; ಅದೇ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್.

ಕರೆಗಳು ಅಲ್ಲಿಗೂ ನಿಲ್ಲಲಿಲ್ಲ. ಗಂಗೆಗೆ ಸೇತುವೆ ಎಲ್ಲಿ ಕಟ್ಟಬೇಕೆಂದು ತೀರ್ಮಾನಿಸಲು ಸ್ವತಂತ್ರ ಭಾರತದ ಸರ್ಕಾರ 1952ರಲ್ಲಿ ತೊಂಬತ್ತು ದಾಟಿದ್ದ ಅವರನ್ನೇ ಕೇಳಿತು. ಅವರು ಬಿಹಾರದ ಮೊಕಾಮಾವನ್ನು ಸೂಚಿಸಿದರು. ರೈಲು, ರಸ್ತೆ ಎರಡೂ ಹಾಯುವ ಆ ಸೇತುವೆ 1959ರಲ್ಲಿ ಸಂಚಾರಕ್ಕೆ ತೆರೆಯಿತು.