ಕೋಡಿಯ ಸುದ್ದಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಹೆಸರೆತ್ತಿದೊಡನೆ ಬಂಡೆಯ ಬೆಟ್ಟವೂ ಬರದ ನೆಲವೂ ಕಣ್ಣಿಗೆ ಕಟ್ಟುವುವು. ನೆರೆಯ ನೆನಪು ಯಾರಿಗೂ ಬಾರದು. ಆದರೆ ಮಳೆ ವಿರಳವಾದ ಈ ಸೀಮೆಯಲ್ಲಿ ಒಂದರ ಕೋಡಿಯ ನೀರು ಮತ್ತೊಂದರ ಒಡಲಿಗೆ ಬೀಳುವಂತೆ ಪೂರ್ವಿಕರು ಇಳಿಜಾರಿನುದ್ದಕ್ಕೂ ಕೆರೆಗಳನ್ನು ಕಟ್ಟಿದುದರಿಂದ, ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಸೀಮೆಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿಯ ಜಲಾನಯನದಲ್ಲಿ ಮೇಲಣ ಏರಿಯೊಂದು ಒಡೆಯಿತೆಂದರೆ ಕೆಳಗಣ ಏರಿಗಳೆಲ್ಲಕ್ಕೂ ಗಂಡಾಂತರವೇ. ಸುದ್ದಿ ನೀರಿಗಿಂತ ಮುಂದಾಗಿ ಊರು ಮುಟ್ಟಬೇಕಾಗಿತ್ತು.

ಆ ಸುದ್ದಿಯ ಭಾರವನ್ನು ಹೊತ್ತವರು ನೀರುಗಂಟಿ ಮತ್ತು ತೋಟಿ. ತೂಬನ್ನೆತ್ತುವುದು, ಗದ್ದೆಗೆ ಸರದಿಯಂತೆ ನೀರು ಹಂಚುವುದು, ಏರಿಯಲ್ಲಿ ಇಲಿಬಿಲವೋ ಒಸರೋ ಕಂಡರೆ ಗೌಡನಿಗೆ ತಿಳಿಸುವುದು ನೀರುಗಂಟಿಯ ಕರ್ತವ್ಯ. ತಮಟೆ ಬಡಿದು ಊರನ್ನೆಬ್ಬಿಸುವುದು ತೋಟಿಯದು. ಮಳೆಗಾಲದ ಕೊನೆಗೆ ಕೋಡಿಕಲ್ಲುಗಳ ನಡುವೆ ಮಣ್ಣನ್ನೂ ಹುಲ್ಲುಹೆಂಟೆಯನ್ನೂ ತುಂಬಿ ಇನ್ನೊಂದು ಗೇಣು ನೀರನ್ನು ಹಿಡಿದಿಡುವ ವಾಡಿಕೆಯಿತ್ತಾಗಿ, ಹಾಗೆ ತುಂಬಿದ ಮೇಲೆ ಅಕಾಲದಲ್ಲಿ ಮೋಡ ಕವಿದರೆ ಆ ಕಟ್ಟನ್ನು ಯಾವ ಗಳಿಗೆಯಲ್ಲಿ ಕಿತ್ತೊಗೆಯಬೇಕೆಂಬ ವಿವೇಚನೆಯೇ ನೀರುಗಂಟಿಯ ವಿದ್ಯೆಯಾಗಿತ್ತು. ಅವಸರಪಟ್ಟರೆ ರೈತನ ಬೈಗುಳ, ತಡಮಾಡಿದರೆ ಏರಿಯ ನಾಶ.

ಮೈಸೂರು ಸಂಸ್ಥಾನದಲ್ಲಿ 1890ರ ದಶಕದಲ್ಲಿ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಅವರ ಮೇಲ್ವಿಚಾರಣೆಯಲ್ಲಿ ಮಳೆಯ ಲೆಕ್ಕವು ಕ್ರಮಬದ್ಧವಾಗಿ ಮುದ್ರಿತವಾಗತೊಡಗಿತು. ಆದರೆ ಅದು ಸುರಿದು ಹೋದ ಮಳೆಯ ಲೆಕ್ಕ. ಮುಂದೆ 1961ರ ಗ್ರಾಮಾಧಿಕಾರ ರದ್ದಿಯಾತಿ ಶಾಸನವು ನೀರುಗಂಟಿ, ತೋಟಿಗಳಂಥ ವಂಶಪಾರಂಪರ್ಯದ ಗ್ರಾಮಸೇವೆಗಳನ್ನು ಕೊನೆಗಾಣಿಸಿತು. ಜಾತಿಯ ಕಾರಣದಿಂದಲೇ ಒಬ್ಬನನ್ನು ನಡುರಾತ್ರಿಯ ಮಳೆಗೆ ಅಟ್ಟುತ್ತಿದ್ದ ಪದ್ಧತಿ ಅಳಿದುದು ನ್ಯಾಯವೇ ಸರಿ. ಆದರೆ ಏರಿಯ ಕಾವಲನ್ನು ಇನ್ನಾರಿಗೆ ವಹಿಸಬೇಕೆಂಬ ವಿಚಾರ ಅರ್ಧದಲ್ಲೇ ನಿಂತಿತು. 40 ಹೆಕ್ಟೇರಿಗೆ ಒಳಪಟ್ಟ ಅಚ್ಚುಕಟ್ಟಿನ ಕೆರೆಗಳು ಪಂಚಾಯಿತಿಗಳ ಪಾಲಾದುವು, ಅದಕ್ಕೆ ಮೇಲ್ಪಟ್ಟವು ಸಣ್ಣ ನೀರಾವರಿ ಇಲಾಖೆಯ ವಶವಾದುವು.

ಬರವನ್ನು ಕಾಯಲೆಂದು 1988ರಲ್ಲಿ ಸ್ಥಾಪಿತವಾದ ಘಟಕವೇ ಇಂದು ನೆರೆಯನ್ನೂ ಕಾಯುತ್ತಿರುವುದು ಈ ಚರಿತ್ರೆಯ ಒಂದು ವಿನೋದ. ಆ ಘಟಕದ ಇಂದಿನ ರೂಪವಾದ, ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಗ್ರಾಮ ಪಂಚಾಯಿತಿಗಳಲ್ಲಿ ನೆಟ್ಟ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ತಾವಾಗಿಯೇ ಲೆಕ್ಕವನ್ನೊಪ್ಪಿಸುತ್ತವೆ. ಕೇಂದ್ರದ ವರುಣಮಿತ್ರವೆಂಬ ಸಹಾಯವಾಣಿಗೆ ಫೋನು ಮಾಡಿದ ರೈತನಿಗೆ ಅವನ ಹೋಬಳಿಯ ಮುನ್ಸೂಚನೆ ದೊರೆಯುತ್ತದೆ. ರಾಜಕಾಲುವೆಗಳು ಉಕ್ಕುವ ಬೆಂಗಳೂರಿಗಾಗಿ ಭಾರತೀಯ ವಿಜ್ಞಾನ ಸಂಸ್ಥೆಯೊಡಗೂಡಿ ಆ ಕೇಂದ್ರವು ಮೇಘಸಂದೇಶವೆಂಬ ಆ್ಯಪನ್ನು ರೂಪಿಸಿತು. 2022ರ ಮಳೆಗಾಲದಲ್ಲಿ ಜಯಮಂಗಲಿ ಉಕ್ಕಿ, ಬಹುಕಾಲ ಬರಿದಾಗಿದ್ದ ಕೆರೆಗಳು ಕೋಡಿಬಿದ್ದಾಗ, ತಮಟೆಯ ಸದ್ದು ತಲಪಲಾರದಷ್ಟು ದೂರಕ್ಕೆ ವಾಟ್ಸಾಪಿನ ಚಿತ್ರಗಳು ಕ್ಷಣಾರ್ಧದಲ್ಲಿ ಹರಡಿದುವು. ಬರದ ಸೀಮೆಯ ಮನಸ್ಸನ್ನು ಬಲ್ಲವರಿಗೆ ಇದರ ತೊಡಕು ತಿಳಿದೀತು: ಕೋಡಿಬಿದ್ದ ಸುದ್ದಿ ಇಲ್ಲಿ ಬಾಗಿನ ಅರ್ಪಿಸಲು ಕರೆಯುವ ಮಂಗಳವಾರ್ತೆ, ಕೇಳಿದವನು ನೀರಿನಿಂದ ದೂರ ಸರಿಯುವ ಬದಲು ಹೆಂಡತಿಮಕ್ಕಳೊಡನೆ ಕೋಡಿಯ ಬಳಿಗೇ ಧಾವಿಸುವನು.

ಪಂಚಾಯಿತಿಗಳಲ್ಲಿ ನೀರುಗಂಟಿಯೆಂಬ ಹುದ್ದೆ ಇಂದಿಗೂ ಇದೆ. ಕೊಳವೆಬಾವಿಯ ಮೋಟಾರು ಹಾಕಿ ಓವರ್‌ಹೆಡ್ ಟ್ಯಾಂಕು ತುಂಬಿಸಿ ಬೀದಿಬೀದಿಯ ನಲ್ಲಿಗಳಿಗೆ ನೀರು ಬಿಡುವುದು ಅವನ ಕೆಲಸ. ಕೆರೆಯ ಏರಿ ಅವನ ಕೆಲಸದ ಪಟ್ಟಿಯಲ್ಲಿಲ್ಲ.