ಗೊಥಾರ್ಡ್ ಸುರಂಗದ ಏದುಸಿರು

ಸ್ವಿಟ್ಜರ್ಲೆಂಡಿನ ಗೊಥಾರ್ಡ್ ರೈಲು ಸುರಂಗ ಎಂದರೆ ಎಲ್ಲರೂ ಗುತ್ತಿಗೆದಾರ ಲೂಯಿ ಫಾವ್ರ್‌ನನ್ನು, ಡೈನಮೈಟನ್ನು ನೆನೆಯುತ್ತಾರೆ. ಮಲೆನಾಡಿನ ಆಸ್ಪತ್ರೆಗಳ ಲ್ಯಾಬಿನಲ್ಲಿ ಆಯಸ್ಸು ಕಳೆದ ನಾನು ನೆನೆಯುವುದು ಅಲ್ಲಿನ ಕೂಲಿಗಳನ್ನು.

1872ರಲ್ಲಿ ಗೋಷೆನೆನ್ ಮತ್ತು ಐರೋಲೊ ಎರಡೂ ಬದಿಯಿಂದ ಬೆಟ್ಟ ಕೊರೆಯಲು ಹಿಡಿದರು. ಉದ್ದ 15 ಕಿ.ಮೀ. ಬಂದವರಲ್ಲಿ ಬಹುಪಾಲು ಇಟಲಿಯ ಬಡವರು. ಒಳಗೆ 30 ಡಿಗ್ರಿ ದಾಟಿದ ಸೆಕೆ, ಕಾಲಡಿ ಕೆಸರು. ಕಕ್ಕಸಿಲ್ಲದೆ ಎಲ್ಲವೂ ಅಲ್ಲೇ ಆಗುತ್ತಿತ್ತು. ವರ್ಷಗಳು ಕಳೆದಂತೆ ಗಟ್ಟಿಮುಟ್ಟಾದ ಆಳುಗಳು ಬಿಳಿಚಿಕೊಂಡರು. ಕೂತಾಗ ಸರಿಯಿದ್ದವರು ನಾಲ್ಕು ಹೆಜ್ಜೆ ಏರು ಹತ್ತಿದರೆ ಏದುಸಿರು ಬಿಡುತ್ತಿದ್ದರು. ಕೆಟ್ಟ ಗಾಳಿ, ಹೊಗೆ, ಬಿಸಿಲಿಲ್ಲದ ಬದುಕೇ ಕಾರಣವೆಂದು ಹಲವರು ನಂಬಿದ್ದರು.

1880ರಲ್ಲಿ ಟ್ಯೂರಿನ್ನಿನ ಎದ್ವಾರ್ದೊ ಪೆರೊಂಚಿತೊ ಮತ್ತು ಅವನ ಜೊತೆಯ ವೈದ್ಯರು ನಿಜವಾದ ಕಾರಣವನ್ನು ಕರುಳಿನಲ್ಲಿ ಕಂಡರು: ಕೊಕ್ಕೆಹುಳು. ಮಿಲಾನಿನ ಆಂಜೆಲೊ ದುಬಿನಿ 1838ರಲ್ಲೇ ರೈತ ಹೆಣ್ಣುಮಗಳೊಬ್ಬಳ ಶವಪರೀಕ್ಷೆಯಲ್ಲಿ ಈ ಹುಳುವನ್ನು ನೋಡಿದ್ದ. ಅದರ ಮೊಟ್ಟೆ ನನಗೂ ಚಿರಪರಿಚಿತ: ಮೈಕ್ರೋಸ್ಕೋಪಿನಡಿ ಅಂಡಾಕಾರ, ತೆಳು ಪಾರದರ್ಶಕ ಸಿಪ್ಪೆ, ಒಳಗೆ ಒತ್ತೊತ್ತಾಗಿ ನಾಲ್ಕೈದು ಕೋಶ.

ಹುಳು ಕರುಳಿನ ಗೋಡೆ ಕಚ್ಚಿ ದಿನವೂ ರಕ್ತ ಹೀರುತ್ತದೆ. ಒಂದು ಮಿಲಿಲೀಟರ್ ರಕ್ತ ಹೋದರೆ ಅರ್ಧ ಮಿಲಿಗ್ರಾಂನಷ್ಟು ಕಬ್ಬಿಣವೂ ಹೋದಂತೆ. ಕಬ್ಬಿಣವಿಲ್ಲದೆ ಹಿಮೋಗ್ಲೋಬಿನ್ ತಯಾರಾಗದು. ಅದು ಕಡಿಮೆಯಾದರೆ ರಕ್ತ ಹೊರುವ ಆಮ್ಲಜನಕವೂ ಕಡಿಮೆ. ಸುಮ್ಮನಿದ್ದಾಗ ಅಷ್ಟರಲ್ಲೇ ಸಾಗುತ್ತದೆ. ಗುದ್ದಲಿ ಎತ್ತಿದೊಡನೆ ಸ್ನಾಯುಗಳು ಹೆಚ್ಚು ಕೇಳುತ್ತವೆ. ಆಗ ಎದೆ ಡವಡವ ಬಡಿಯುತ್ತದೆ, ಉಸಿರು ಮೇಲೆ ಕೆಳಗೆ ಆಗುತ್ತದೆ. ಶ್ವಾಸಕೋಶ ಚೆನ್ನಾಗಿದ್ದರೂ ಹೀಗಾಗಬಹುದು.

ಹುಳು ಒಳಹೊಗುವ ದಾರಿ ಗೊತ್ತಾದದ್ದು ಕೈರೋದಲ್ಲಿ. ಮರಿಹುಳುಗಳಿದ್ದ ನೀರು ಆರ್ಥರ್ ಲೂಸ್ ಎಂಬ ವಿಜ್ಞಾನಿಯ ಕೈಮೇಲೆ ಬಿತ್ತು; ಚರ್ಮ ಕೆಂಪಾಗಿ ಉರಿಯಿತು. ಕೆಲವು ವಾರಗಳ ಮೇಲೆ ಅವನ ಮಲದಲ್ಲೇ ಮೊಟ್ಟೆ ಕಂಡವು. ಅಂದರೆ ಮರಿಹುಳುಗಳು ಚರ್ಮ ಕೊರೆದೇ ಒಳಹೊಕ್ಕಿದ್ದವು. ಸುರಂಗದಲ್ಲಿ ಮಲ ಬೆರೆತ ಕೆಸರಿನಲ್ಲಿ ನಿಂತವರಿಗೆ ಆದದ್ದೂ ಇದೇ.

ನಮ್ಮ ತೋಟಗಳಲ್ಲೂ ಬರಿಗಾಲಲ್ಲಿ ದುಡಿಯುವ ಹೆಂಗಸರು ಲ್ಯಾಬಿಗೆ ಬಂದು, “ಏರು ಹತ್ತೋಕಾಗಲ್ಲ ಸಾರ್, ಮೇಸ್ತ್ರಿ ಸೋಮಾರಿ ಅಂತಾನೆ” ಎನ್ನುತ್ತಿದ್ದರು. ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ ಬರೀ 6, 7 ಇರುತ್ತಿತ್ತು. ಭಾರತದಲ್ಲಿ ಕಬ್ಬಿಣದ ಮಾತ್ರೆ ಹಂಚುವ ಕಾರ್ಯಕ್ರಮ 1970ರಲ್ಲೇ ಶುರುವಾಯಿತು. ಮಾತ್ರೆ ಬೇಕೇ ಬೇಕು. ಅದರ ಜೊತೆಗೆ ಹುಳದ ಔಷಧಿ, ಕಾಲಿಗೆ ಚಪ್ಪಲಿ, ತೋಟದ ಕೂಲಿಗಳ ಲೈನ್ ಮನೆಗಳಿಗೆ ಕಕ್ಕಸು ಇವೂ ಬೇಕು. ಕೆಲಸದಲ್ಲಿ ಏದುಸಿರು ಬಿಡುವವರನ್ನು ಬೈಯುವ ಮುನ್ನ ಅವರ ರಕ್ತ ಪರೀಕ್ಷೆ ಮಾಡಿಸುವುದು ಕೆಲಸ ಕೊಟ್ಟವನ ಕರ್ತವ್ಯ.